ಲೂತಾಪೋಷಣ

೧

ಕನ್ನಡದಲ್ಲಿ ಜೇಡ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುವವನೂ ಜೇಡನೇ. ಮನೆಯ ಮೂಲೆಯಲ್ಲಿ ಬಲೆ ನೇಯುವ ಜಂತುವೂ ಜೇಡವೇ. ಜೇಡರ ದಾಸಿಮಯ್ಯನೆಂದು ನಾವು ಗೌರವದಿಂದ ಸ್ಮರಿಸುವ ಶರಣನು ಮೊದಲನೆಯ ಅರ್ಥಕ್ಕೆ ಸೇರಿದವನು. ಸಂಸ್ಕೃತದಲ್ಲಿಯೂ ಹೀಗೆಯೇ. ಅಮರಸಿಂಹನು ಈ ಜಂತುವಿಗೆ ಹೇಳಿರುವ ಪರ್ಯಾಯನಾಮಗಳಲ್ಲಿ ತಂತುವಾಯವೆಂಬುದು ಒಂದು. ಅದೇ ಶಬ್ದವು ನೇಕಾರನಿಗೂ ಸಲ್ಲುತ್ತದೆ. ಎರಡು ಭಾಷೆಗಳ ಜನರೂ ಈ ಅಲ್ಪಪ್ರಾಣಿಯನ್ನು ಕಂಡಾಗ ಅದರ ವಿಷವನ್ನು ನೆನೆಯುವುದಕ್ಕೆ ಮೊದಲು ಅದರ ಕಸಬನ್ನು ನೆನೆದರೆಂಬುದು ಗಮನಿಸತಕ್ಕ ಸಂಗತಿಯಾಗಿದೆ.

ನಮ್ಮ ಪೂರ್ವಿಕರು ಜೇಡವನ್ನು ಮೂರು ಬಗೆಯಿಂದ ಕಂಡಿದ್ದಾರೆ. ಮೊದಲನೆಯದು ವೇದಾಂತದೃಷ್ಟಿ. ಮುಂಡಕೋಪನಿಷತ್ತಿನಲ್ಲಿ ಅಕ್ಷರದಿಂದ ವಿಶ್ವವು ಹೊರಹೊಮ್ಮುವ ಬಗೆಯನ್ನು ಹೇಳುವಾಗ ಕೊಟ್ಟಿರುವ ದೃಷ್ಟಾಂತಗಳಲ್ಲಿ ಊರ್ಣನಾಭವೇ ಮೊದಲನೆಯದು. ಎರಡನೆಯದು ಭಕ್ತಿದೃಷ್ಟಿ. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ‘ಶ್ರೀ’ ಎಂಬುದು ಜೇಡ, ‘ಕಾಳ’ವು ಸರ್ಪ, ‘ಹಸ್ತಿ’ಯು ಆನೆ, ಈ ಮೂರೂ ಶಿವನನ್ನು ಅರ್ಚಿಸಿ ಮುಕ್ತಿಯನ್ನು ಪಡೆದುವೆಂದು ಕಥೆ. ಮೂರನೆಯದು ವೈದ್ಯದೃಷ್ಟಿ. ಸುಶ್ರುತಸಂಹಿತೆಯ ಕಲ್ಪಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಹದಿನಾರು ಬಗೆಯ ಲೂತೆಗಳನ್ನು ಎಣಿಸಿ, ಅವುಗಳಲ್ಲಿ ತ್ರಿಮಂಡಲಾ, ಶ್ವೇತಾ ಮೊದಲಾದ ಎಂಟರ ವಿಷವು ಕಷ್ಟಸಾಧ್ಯವೆಂದೂ, ಸೌವರ್ಣಿಕಾ, ಕೃಷ್ಣಾ ಮೊದಲಾದ ಎಂಟರದು ಅಸಾಧ್ಯವೆಂದೂ ವಿಭಾಗಿಸಿದೆ. ವಿಶ್ವಾಮಿತ್ರನ ಮೇಲೆ ಕೋಪಗೊಂಡ ವಸಿಷ್ಠರ ಹಣೆಯ ಬೆವರು ಕೊಯ್ದ ಹುಲ್ಲಿನ ಮೇಲೆ ಬಿದ್ದು ಲೂತೆಗಳು ಹುಟ್ಟಿದುವೆಂದು ಅಲ್ಲಿಯೇ ನಿರುಕ್ತಿಯನ್ನೂ ಹೇಳಿದೆ. ಲೂನವೆಂದರೆ ಕೊಯ್ದದ್ದು ಎಂದರ್ಥವಷ್ಟೆ.

ಹೀಗೆ ಉಪಮಾನವಾಗಿ, ಭಕ್ತನಾಗಿ, ರೋಗಕಾರಣವಾಗಿ ಜೇಡವು ನಮ್ಮ ಗ್ರಂಥಗಳಲ್ಲಿ ಬರುತ್ತದೆ. ಆದರೆ ಅದನ್ನು ಹಿಡಿದು ತಂದು, ಪೆಟ್ಟಿಗೆಯಲ್ಲಿಟ್ಟು, ಆಹಾರವಿಕ್ಕಿ, ಗಿಳಿ ಪಾರಿವಾಳಗಳಂತೆ ಸಾಕಿದವರ ಮಾತನ್ನು ನಾನು ಓದಿದ ನಮ್ಮ ಗ್ರಂಥಗಳಲ್ಲಿ ಕಂಡಿಲ್ಲ. ಹಾವಿಗೆ ಹಾಲೆರೆಯುವುದೆಂಬ ಗಾದೆ ನಮ್ಮಲ್ಲುಂಟು. ಜೇಡಕ್ಕೆ ನೊಣವಿಕ್ಕುವುದೆಂಬ ಗಾದೆಯಿಲ್ಲ. ಹೊರದೇಶಗಳಲ್ಲಾದರೋ ಈ ಪೋಷಣಕ್ಕೆ ಮುನ್ನೂರು ವರ್ಷಗಳಿಗೂ ಮೀರಿದ ಒಂದು ಚರಿತ್ರೆಯಿದೆ. ಆ ಚರಿತ್ರೆಯ ಕೊನೆಯ ಅಧ್ಯಾಯವು ನಮ್ಮ ಬಳ್ಳಾರಿಯ ನೆರೆಗೇ ಬಂದು ಮುಟ್ಟುವುದರಿಂದ, ಅದನ್ನು ವಾಚಕರ ಮುಂದೆ ಕ್ರಮವಾಗಿ ಇಡುವುದು ಉಚಿತವೆಂದು ತೋರಿತು.

ಮೊದಲೇ ಹೇಳಬೇಕಾದ ಮಾತೊಂದಿದೆ. ಜಗತ್ತಿನಲ್ಲಿ ಇದುವರೆಗೆ ವರ್ಣಿತವಾಗಿರುವ ಜೇಡಜಾತಿಗಳು ಐವತ್ತು ಸಾವಿರವನ್ನು ಮೀರಿವೆ. ಅವುಗಳಲ್ಲಿ ಒಂದೆರಡು ಸಣ್ಣ ಪಂಗಡಗಳನ್ನು ಬಿಟ್ಟರೆ ಎಲ್ಲಕ್ಕೂ ವಿಷವುಂಟು. ಆದರೆ ಆ ವಿಷವು ನೊಣ ಜಿರಲೆಗಳಿಗಾಗಿ ಏರ್ಪಟ್ಟದ್ದು. ಮನುಷ್ಯನ ಪ್ರಾಣಕ್ಕೆ ಅಪಾಯ ತರಬಲ್ಲ ಜಾತಿಗಳು ಬೆರಳೆಣಿಕೆಯ ಪಂಗಡಗಳಿಗೆ ಸೇರಿದವು. ಆದುದರಿಂದ ವಿಷಜೇಡ ಎಂಬ ಮಾತಿನಲ್ಲಿ ಹೆದರಿಕೆಗೆ ಎಷ್ಟು ಎಡೆಯೋ ವಿವೇಕಕ್ಕೂ ಅಷ್ಟೇ ಎಡೆಯಿದೆ.

೨

ಜೇಡವನ್ನು ಮೊದಲು ಸಾಕಿದವರೆಂದು ಐರೋಪ್ಯರ ಕಥೆಗಳಲ್ಲಿ ಬರುವವರು ಸೆರೆಯಾಳುಗಳು. ಫ್ರಾನ್ಸು ದೇಶದ ಹದಿನಾಲ್ಕನೆಯ ಲೂಯಿ ದೊರೆಯ ಕಾಲದಲ್ಲಿ ಅರ್ಥಸಚಿವನಾಗಿದ್ದ ಫೂಕೆ ಎಂಬಾತನು ೧೬೬೧ರಲ್ಲಿ ಪದಚ್ಯುತನಾಗಿ ಸೆರೆಸಿಕ್ಕಿದನು. ಅವನ ಕಾರ್ಯದರ್ಶಿಯಾಗಿದ್ದ ಪೆಲಿಸ್ಸೋನ್ ಎಂಬ ವಿದ್ವಾಂಸನೂ ಸ್ವಾಮಿಯ ಪಕ್ಷವನ್ನು ಬಿಡದೆ, ೧೬೬೬ರವರೆಗೆ ಪ್ಯಾರಿಸ್ ನಗರದ ಬಾಸ್ಟೀಲ್ ದುರ್ಗದಲ್ಲಿ ಬಂಧಿತನಾಗಿದ್ದನು. ಅಲ್ಲಿ ಅವನು ಕಿಟಕಿಯ ಬಳಿ ಬಲೆ ಕಟ್ಟಿದ್ದ ಜೇಡವೊಂದಕ್ಕೆ ನೊಣಗಳನ್ನು ಒಡ್ಡಿ ಒಡ್ಡಿ ಅದನ್ನು ಪಳಗಿಸಿದನೆಂದೂ, ವಾದ್ಯದ ಸದ್ದಾದೊಡನೆ ಅದು ಬಲೆಯಿಂದಿಳಿದು ಬರುತ್ತಿದ್ದಿತೆಂದೂ, ಇದನ್ನು ಕಂಡ ದುರ್ಗಾಧಿಕಾರಿಯು ಅದನ್ನು ಕಾಲಿನಿಂದ ಹೊಸಕಿಬಿಟ್ಟನೆಂದೂ ಐತಿಹ್ಯ. ಇದರಲ್ಲಿ ಚರಿತ್ರೆಯ ಅಂಶವೆಷ್ಟು, ಕಥೆಯ ಅಂಶವೆಷ್ಟು ಎಂಬುದು ಹಾಗಿರಲಿ. ನೂರಾರು ವರ್ಷಗಳ ಕಾಲ ಫ್ರೆಂಚ್ ಜನರು ಈ ಕಥೆಯನ್ನು ಹೇಳಿಕೊಂಡು ಬಂದುದಕ್ಕೆ ಕಾರಣ ಸ್ಪಷ್ಟವಾಗಿದೆ: ಮನುಷ್ಯಸಂಗವನ್ನು ಕಳೆದುಕೊಂಡವನಿಗೆ ಎಂಟು ಕಾಲಿನ ಜಂತುವೂ ಸಂಗಾತಿಯಾಗಬಲ್ಲದು, ಅದನ್ನು ಕೊಂದವನು ಜೇಡವನ್ನು ಕೊಂದಂತಲ್ಲ, ಸ್ನೇಹವನ್ನು ಕೊಂದಂತೆ.

ಇದಕ್ಕಿಂತ ಆಧಾರವುಳ್ಳದ್ದು ಮತ್ತೊಬ್ಬ ಸೆರೆಯಾಳಿನ ವೃತ್ತಾಂತ. ಕಾತ್ರ್ಮೇರ್ ದಿಸ್ಜೋನ್ವಾಲ್ ಎಂಬ ಫ್ರೆಂಚ್ ಪಂಡಿತನು ಹಾಲೆಂಡಿನ ರಾಜಕೀಯ ಗಲಭೆಯಲ್ಲಿ ಸೇರಿ, ೧೭೮೭ರ ನಂತರ ಉಟ್ರೆಕ್ಟ್ ನಗರದಲ್ಲಿ ಹಲವು ವರ್ಷ ಸೆರೆಯಲ್ಲಿದ್ದನು. ಹೊತ್ತು ಕಳೆಯುವುದಕ್ಕೆ ಅವನಿಗೆ ದೊರೆತ ಗ್ರಂಥವೆಂದರೆ ಕೋಣೆಯ ಜೇಡಗಳೇ. ಅವು ಯಾವ ಹವೆಯಲ್ಲಿ ಬಲೆಯನ್ನು ಹಿಗ್ಗಿಸುತ್ತವೆ, ಯಾವಾಗ ಕುಗ್ಗಿಸುತ್ತವೆ, ಯಾವಾಗ ಮರೆಯಾಗುತ್ತವೆ ಎಂಬುದನ್ನು ಅವನು ದಿನದಿನವೂ ಗುರುತು ಹಾಕಿಕೊಂಡನು. ೧೭೯೪ರ ಚಳಿಗಾಲದಲ್ಲಿ ಫ್ರೆಂಚ್ ಸೈನ್ಯವು ಹಾಲೆಂಡನ್ನು ಮುತ್ತಿದಾಗ, ಹಿಮವು ಕರಗುವ ಸೂಚನೆ ಕಂಡು ಸೇನಾನಾಯಕರು ಹಿಂಜರಿದರಂತೆ. ಜೇಡಗಳ ನಡೆಯನ್ನು ನೋಡಿ, ಮತ್ತೆ ಕಠಿನವಾದ ಹಿಮ ಬೀಳುವುದೆಂದು ಈ ಸೆರೆಯಾಳು ಹೇಳಿಕಳುಹಿಸಿದನೆಂದೂ, ಹಾಗೆಯೇ ಆಗಿ ನದಿಗಳು ಹೆಪ್ಪುಗಟ್ಟಿ ಸೈನ್ಯವು ದಾಟಿತೆಂದೂ ಹೇಳುತ್ತಾರೆ. ೧೭೯೫ರಲ್ಲಿ ಅವನಿಗೆ ಬಿಡುಗಡೆಯಾಯಿತು; ಎರಡು ವರ್ಷಗಳ ತರುವಾಯ ಜೇಡಗಳಿಂದ ಹವೆಯನ್ನು ತಿಳಿಯುವ ವಿಷಯವಾಗಿ ಅವನ ಪುಸ್ತಕವೂ ಹೊರಬಂದಿತು. ಇಂದಿನ ಹವಾಶಾಸ್ತ್ರವು ಅವನ ಸಿದ್ಧಾಂತವನ್ನು ಅಂಗೀಕರಿಸುವುದಿಲ್ಲ. ಆದರೂ ಜೇಡವನ್ನು ಬಂಧಿಸದೆ ಅದರ ಜೊತೆಯಲ್ಲಿ ತಾನೇ ಬಂಧಿತನಾಗಿದ್ದು ಅಧ್ಯಯನ ಮಾಡಿದವನೆಂಬ ಕಾರಣದಿಂದ ಅವನು ನಮ್ಮ ನೆನಪಿನಲ್ಲಿರತಕ್ಕವನು.

೩

ಸಂಗಕ್ಕಾಗಿ ಸಾಕಿದವರ ತರುವಾಯ ಲಾಭಕ್ಕಾಗಿ ಸಾಕಹೊರಟವರು ಬರುತ್ತಾರೆ. ಫ್ರಾನ್ಸಿನ ದಕ್ಷಿಣದ ಮೊಂಪೆಲ್ಯೇ ನಗರದ ಅಧಿಕಾರಿಯಾಗಿದ್ದ ಬೋನ್ ಎಂಬಾತನು ಜೇಡದ ಮೊಟ್ಟೆಚೀಲಗಳ ನೂಲಿನಿಂದ ಕಾಲುಚೀಲ ಕೈಚೀಲಗಳನ್ನು ಮಾಡಿಸಿ ೧೭೦೯ರಲ್ಲಿ ವಿದ್ವತ್ಸಭೆಯ ಮುಂದಿಟ್ಟನು. ಆಗ ಪ್ಯಾರಿಸ್ಸಿನ ವಿಜ್ಞಾನಪರಿಷತ್ತು ರೇಓಮೂರ್ ಎಂಬ ಪ್ರಸಿದ್ಧ ವಿಜ್ಞಾನಿಯನ್ನು ಕುರಿತು, ಇದನ್ನು ಒಂದು ಉದ್ಯಮವಾಗಿ ಬೆಳೆಸಬಹುದೇ ಎಂದು ವಿಚಾರಿಸುವಂತೆ ನೇಮಿಸಿತು. ರೇಓಮೂರನು ಜೇಡಗಳನ್ನು ಗುಂಪಾಗಿ ಕೂಡಿಹಾಕಿ ಸಾಕಿ ನೋಡಿದನು. ಅವು ಒಂದನ್ನೊಂದು ತಿಂದುಹಾಕಿದುವು. ಪ್ರತಿಯೊಂದಕ್ಕೂ ಬೇರೆ ಬೇರೆ ಕೋಣೆ, ಬೇರೆ ಬೇರೆ ಆಹಾರ ಎಂದಾದರೆ ರೇಷ್ಮೆಹುಳುವಿನೊಡನೆ ಇದು ಸರಿದೂಗಲಾರದೆಂದು ಅವನು ೧೭೧೦ರಲ್ಲಿ ತೀರ್ಮಾನವಿತ್ತನು. ಹಿಪ್ಪುನೇರಿಳೆಯ ಎಲೆಯನ್ನು ತಿಂದು ಒಟ್ಟೊಟ್ಟಾಗಿ ಬಾಳುವ ರೇಷ್ಮೆಹುಳುವಿಗೂ, ಬೇಟೆಯಾಡಿ ಒಂಟಿಯಾಗಿ ಬಾಳುವ ಜೇಡಕ್ಕೂ ಇರುವ ಈ ಸ್ವಭಾವಭೇದವು ರೇಷ್ಮೆಯ ನಾಡಿನವರಾದ ನಮಗೆ ಸುಲಭವಾಗಿ ಅರ್ಥವಾಗತಕ್ಕದ್ದು.

ಆದರೂ ಆಸೆಯು ಸುಮ್ಮನಿರಲಿಲ್ಲ. ಮಡಗಾಸ್ಕರ್ ದ್ವೀಪದಲ್ಲಿ ಕಾಂಬೂಏ ಎಂಬ ಪಾದ್ರಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಹೊಂಬಣ್ಣದ ಜೇಡಗಳಿಂದ ನೂಲು ತೆಗೆಯುವ ಪ್ರಯೋಗಗಳನ್ನು ನಡೆಸಿದನು. ಆ ಪ್ರಯತ್ನದ ಫಲವಾದ ವಸ್ತ್ರವನ್ನು ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟಿದ್ದರು. ಅದೇ ದ್ವೀಪದಲ್ಲಿ ಸೈಮನ್ ಪಿಯರ್ಸ್, ನಿಕೋಲಸ್ ಗಾಡ್ಲಿ ಎಂಬಿಬ್ಬರು ನಾಲ್ಕು ವರ್ಷ ದುಡಿದು, ಹತ್ತು ಲಕ್ಷವನ್ನು ಮೀರಿದ ಜೇಡಗಳ ನೂಲಿನಿಂದ ಒಂದೇ ಒಂದು ಹೊನ್ನಿನ ಬಣ್ಣದ ವಸ್ತ್ರವನ್ನು ನೇಯಿಸಿ ೨೦೦೯ರಲ್ಲಿ ನ್ಯೂಯಾರ್ಕ್ ನಗರದ ವಸ್ತುಸಂಗ್ರಹಾಲಯದಲ್ಲಿ ತೋರಿಸಿದರು. ಇವರು ಜೇಡಗಳನ್ನು ಸಾಕಲಿಲ್ಲ. ಹಿಡಿದು, ನೂಲು ತೆಗೆದು, ಮತ್ತೆ ಬಿಟ್ಟುಬಿಟ್ಟರು. ರೇಓಮೂರನ ತೀರ್ಮಾನವು ಮುನ್ನೂರು ವರ್ಷಗಳಾದರೂ ಕದಲಲಿಲ್ಲವೆನ್ನಬೇಕು.

೪

ಮೂರನೆಯವರು ಜ್ಞಾನಕ್ಕಾಗಿ ಸಾಕಿದವರು. ಇಟಲಿ ದೇಶದ ದಕ್ಷಿಣದಲ್ಲಿ ತರಾಂತೊ ಎಂಬ ಪಟ್ಟಣವಿದೆ. ಅಲ್ಲಿಯ ಹೊಲಗಳಲ್ಲಿ ಬಿಲ ತೋಡಿಕೊಂಡಿರುವ ದೊಡ್ಡ ಜೇಡಕ್ಕೆ ಊರಿನ ಹೆಸರಿನಿಂದಲೇ ತರಾಂತುಲವೆಂಬ ಹೆಸರು ಬಂದಿತು. ಅದು ಕಚ್ಚಿದರೆ ಮನುಷ್ಯನಿಗೆ ಉನ್ಮಾದ ಹಿಡಿಯುವುದೆಂದೂ, ವಾದ್ಯ ಬಾರಿಸಿ ದಿನಗಟ್ಟಲೆ ಕುಣಿಸಿದರೆ ಮಾತ್ರ ಇಳಿಯುವುದೆಂದೂ ಜನ ನಂಬಿದ್ದರು. ತರಾಂತೆಲ್ಲ ಎಂಬ ನೃತ್ಯದ ಹೆಸರು ಈ ನಂಬಿಕೆಯೊಡನೆ ಹೆಣೆದುಕೊಂಡಿದೆ. ಈಗಿನ ಶಾಸ್ತ್ರಜ್ಞರ ಅಭಿಪ್ರಾಯದಂತೆ ಆ ಜೇಡದ ವಿಷವು ಮನುಷ್ಯನಿಗೆ ಅಷ್ಟು ಕೆಡುಕಲ್ಲ. ಹೆಸರು ಮಾತ್ರ ಹಡಗನ್ನೇರಿ ಅಮೆರಿಕಾ ಖಂಡಕ್ಕೆ ಹೋಗಿ, ಅಲ್ಲಿಯ ರೋಮಭರಿತವಾದ ಬೇರೊಂದು ಕುಲದ ಮಹಾಜೇಡಗಳಿಗೆ ಅಂಟಿಕೊಂಡಿತು. ಇಂದು ಸಾಕುವವರ ಬಾಯಲ್ಲಿ ಟಾರಂಟುಲವೆಂದರೆ ಈ ಎರಡನೆಯ ಕುಲವೇ.

ತರಾಂತುಲದ ಬಂಧುವಾದ ಕರಿಹೊಟ್ಟೆಯ ಬಿಲಜೇಡವನ್ನು ಫ್ರಾನ್ಸಿನಲ್ಲಿ ಸಾಕಿ ನೋಡಿದವನು ಜಾನ್ ಆನ್ರಿ ಫಾಬ್ರ್. ಈತನು ನಮ್ಮ ವೃತ್ತಿಯವನು, ಶಾಲಾಮಾಸ್ತರನು. ೧೮೨೩ರಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಬಹುಕಾಲ ಪಾಠ ಹೇಳಿ, ೧೮೭೯ರಲ್ಲಿ ಸೇರಿನ್ಯಾನ್ ಎಂಬ ಹಳ್ಳಿಯಲ್ಲಿ ಕಲ್ಲುಮುಳ್ಳಿನ ಒಂದು ತುಂಡು ನೆಲವನ್ನು ಕೊಂಡು, ೧೯೧೫ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಕೀಟಗಳ ನಡತೆಯನ್ನು ನೋಡಿ ಬರೆದನು. ಅವನು ಬಿಲಜೇಡಗಳನ್ನು ಮಣ್ಣು ತುಂಬಿದ ಪಾತ್ರೆಗಳಲ್ಲಿಟ್ಟು, ಮೇಲೆ ತಂತಿಯ ಬಲೆಯನ್ನು ಮುಚ್ಚಿ, ತನ್ನ ಕೋಣೆಯಲ್ಲಿ ಇರಿಸಿಕೊಂಡಿದ್ದನು. ತಾಯಿಜೇಡವು ತನ್ನ ಮೊಟ್ಟೆಚೀಲವನ್ನು ಎಳೆದುಕೊಂಡು ತಿರುಗುವುದನ್ನು ಕಂಡು, ಅದನ್ನು ತೆಗೆದು ಅಷ್ಟೇ ಗಾತ್ರದ ಬೆಂಡಿನ ಉಂಡೆಯೊಂದನ್ನು ಮುಂದಿಟ್ಟನು. ತಾಯಿಯು ಆ ಬೆಂಡನ್ನೇ ಅಕ್ಕರೆಯಿಂದ ಅಪ್ಪಿಕೊಂಡು ಹೊತ್ತು ತಿರುಗಿತು. ವಾತ್ಸಲ್ಯವೂ ಅಜ್ಞಾನವೂ ಒಂದೇ ಜೀವದಲ್ಲಿ ಹೇಗೆ ಕೂಡಿರುತ್ತವೆಂಬುದಕ್ಕೆ ಇದಕ್ಕಿಂತ ಚಿಕ್ಕದಾದ ನಿದರ್ಶನವು ಸಿಕ್ಕಲಾರದು.

ಫಾಬ್ರನ ಮತ್ತೊಂದು ಪ್ರಯೋಗವನ್ನೂ ಹೇಳಬೇಕು. ವಿಷದ ಬಲವನ್ನು ತಿಳಿಯುವುದಕ್ಕಾಗಿ ಅವನು ಒಂದು ಗುಬ್ಬಿಮರಿಯ ಕಾಲನ್ನು ಜೇಡದಿಂದ ಕಚ್ಚಿಸಿದನು. ಮನೆಯ ಹೆಣ್ಣುಮಕ್ಕಳು ಆ ಮರಿಗೆ ನೊಣವನ್ನೂ ರೊಟ್ಟಿಯ ಚೂರನ್ನೂ ಹಣ್ಣಿನ ತಿರುಳನ್ನೂ ತಿನ್ನಿಸಿ ಉಪಚರಿಸಿದರು. ಮರಿಯು ಒಂದೆರಡು ದಿನ ಚೇತರಿಸಿಕೊಂಡಂತೆ ಕಂಡು ಕೊನೆಗೆ ಸತ್ತಿತು. ಅಂದು ರಾತ್ರಿಯ ಊಟದ ಹೊತ್ತಿನಲ್ಲಿ ಮನೆಯವರ ಮೌನದಲ್ಲಿ ತನ್ನ ಮೇಲಿನ ಆಕ್ಷೇಪಣೆಯನ್ನು ತಾನು ಓದಿಕೊಂಡೆನೆಂದು ಅವನೇ ಬರೆದಿದ್ದಾನೆ. ಮುಂದೆ ಒಂದು ಬಿಲಪ್ರಾಣಿಯ ಮೇಲೂ ಅವನು ಪ್ರಯೋಗ ಮಾಡಿದ್ದುಂಟು. ಆದರೆ ಪರಪ್ರಾಣಿಯನ್ನು ಕೈವಶ ಮಾಡಿಕೊಂಡವನಿಗೆ ಜ್ಞಾನವೇ ಪೂರ್ಣಸಮಾಧಾನವನ್ನು ಕೊಡಲಾರದೆಂಬುದನ್ನು ಆ ಮಹನೀಯನು ಮರೆಮಾಚಲಿಲ್ಲ.

ಪರಪ್ರಾಣಿಗೆ ಬದಲಾಗಿ ತನ್ನ ಮೈಯನ್ನೇ ಒಡ್ಡಿದವರೂ ಇದ್ದಾರೆ. ಅಮೆರಿಕದ ಆರ್ಕನ್ಸಾ ವಿಶ್ವವಿದ್ಯಾನಿಲಯದ ಅಧ್ಯಾಪಕನಾದ ಬೇರ್ಗ್ ಎಂಬಾತನು, ಕರಿವಿಧವೆ ಎಂದು ಹೆಸರಾದ ಜೇಡದ ಕಡಿತವು ನಿಜವಾಗಿಯೂ ಅಪಾಯಕರವೇ ಎಂಬ ವಿವಾದವನ್ನು ಬಗೆಹರಿಸುವುದಕ್ಕಾಗಿ ೧೯೨೨ರಲ್ಲಿ ತನ್ನ ಬೆರಳನ್ನೇ ಅದಕ್ಕೆ ಕೊಟ್ಟು, ತೀವ್ರವಾದ ನೋವಿನಿಂದ ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದನು. ಅದೇ ಬೇರ್ಗನು ಅಮೆರಿಕದ ಟಾರಂಟುಲಗಳಿಂದಲೂ ಕಚ್ಚಿಸಿಕೊಂಡು, ಅಲ್ಲಿಯವುಗಳ ಕಡಿತವು ಸೂಜಿ ಚುಚ್ಚಿದುದಕ್ಕಿಂತ ಬಹಳ ಹೆಚ್ಚಿನದಲ್ಲವೆಂದು ತೋರಿಸಿದನು. ಅವುಗಳನ್ನು ದೀರ್ಘಕಾಲ ಸಾಕಿ, ಹೆಣ್ಣುಗಳು ಇಪ್ಪತ್ತು ವರ್ಷಗಳಿಗೂ ಮೀರಿ ಬದುಕಬಲ್ಲವೆಂಬುದನ್ನೂ ಅವನು ಕಂಡುಕೊಂಡನು. ಈ ಆಯುಸ್ಸಿನ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಜ್ಞಾನಕ್ಕಾಗಿ ನಡೆದ ಪೋಷಣದಿಂದ ಲೋಕೋಪಕಾರವಾದುದಕ್ಕೆ ಆಸ್ಟ್ರೇಲಿಯವೇ ಸಾಕ್ಷಿ. ಸಿಡ್ನಿ ನಗರದ ಸುತ್ತಣ ಆಲಿಕೆಬಲೆಯ ಜೇಡವು ಮನುಷ್ಯನನ್ನು ಕೊಲ್ಲಬಲ್ಲದು. ಹದಿಮೂರು ಮರಣಗಳು ಅದರ ಹೆಸರಿನಲ್ಲಿ ದಾಖಲೆಯಾಗಿದ್ದುವು. ಮೆಲ್ಬರ್ನಿನ ಸರ್ಕಾರಿ ಪ್ರಯೋಗಶಾಲೆಯಲ್ಲಿ ಸ್ಟ್ರುವನ್ ಸದರ್ಲೆಂಡ್ ಎಂಬ ವೈದ್ಯನು ಅನೇಕ ವರ್ಷ ಶ್ರಮಿಸಿ ಪ್ರತಿವಿಷವನ್ನು ಸಿದ್ಧಪಡಿಸಿದನು. ೧೯೮೧ರಿಂದ ಅದು ಬಳಕೆಗೆ ಬಂದ ಮೇಲೆ ಆ ಜೇಡದಿಂದ ಮರಣವೇ ದಾಖಲೆಯಾಗಿಲ್ಲ. ಇದಕ್ಕೆ ಬೇಕಾದ ವಿಷವನ್ನು, ಜನರು ಮನೆಗಳಲ್ಲಿ ಎಚ್ಚರಿಕೆಯಿಂದ ಹಿಡಿದು ತಂದೊಪ್ಪಿಸುವ ಜೇಡಗಳಿಂದ, ಸಿಡ್ನಿಯ ಉತ್ತರದ ಒಂದು ಸರೀಸೃಪೋದ್ಯಾನದಲ್ಲಿ ತೆಗೆಯುತ್ತಾರೆ. ವಿಷವೇ ವಿಷಕ್ಕೆ ಮದ್ದೆಂಬ ನಮ್ಮ ಅಗದತಂತ್ರದ ಮಾತು ಅಲ್ಲಿ ಅಕ್ಷರಶಃ ನಡೆಯುತ್ತಿದೆ.

೫

ಇನ್ನು ವಿನೋದಕ್ಕಾಗಿ ಸಾಕುವವರ ವಿಷಯ. ಇಂಗ್ಲೆಂಡಿನ ಬೇಟ್ಸ್ ಎಂಬ ಪ್ರಕೃತಿಶಾಸ್ತ್ರಜ್ಞನು ೧೮೪೮ರಿಂದ ೧೮೫೯ರವರೆಗೆ ಅಮೆಜಾನ್ ನದಿಯ ಪ್ರಾಂತದಲ್ಲಿ ಸಂಚರಿಸಿ, ೧೮೬೩ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಮರಿಯ ಸಿಬಿಲ್ಲ ಮೇರಿಯಾನ್ ಎಂಬ ಚಿತ್ರಗಾರ್ತಿಯು ೧೭೦೫ರಲ್ಲಿಯೇ ಹಕ್ಕಿಯನ್ನು ತಿನ್ನುವ ಜೇಡದ ಚಿತ್ರವನ್ನು ಬರೆದಿದ್ದಳು. ಅದು ಕಟ್ಟುಕಥೆಯೆಂದು ಹಲವರು ತಳ್ಳಿಹಾಕಿದ್ದರು. ಬೇಟ್ಸನು ಅಂತಹ ಜೇಡದ ಹಿಡಿತದಲ್ಲಿ ಪುಟ್ಟ ಹಕ್ಕಿಗಳನ್ನು ಕಣ್ಣಾರೆ ಕಂಡು ಆಕೆಯ ಮಾತನ್ನು ಎತ್ತಿಹಿಡಿದನು. ಅದೇ ಸಂದರ್ಭದಲ್ಲಿ, ತನಗೆ ಜಂತುಗಳನ್ನು ಹಿಡಿದು ಕೊಡುತ್ತಿದ್ದ ಮನೆಯೊಂದರ ಮಕ್ಕಳು ಇಂತಹ ಒಂದು ಮಹಾಜೇಡದ ನಡುವಿಗೆ ದಾರ ಕಟ್ಟಿ, ನಾಯಿಯನ್ನು ನಡೆಸುವಂತೆ ಮನೆಯ ತುಂಬ ನಡೆಸುತ್ತಿದ್ದುದನ್ನು ಕಂಡೆನೆಂದೂ ಬರೆದಿದ್ದಾನೆ. ಇವುಗಳ ರೋಮವು ಚರ್ಮಕ್ಕೆ ತಗುಲಿದರೆ ಬಹಳ ತುರಿಯುಂಟಾಗುವುದೆಂಬುದನ್ನು ಅವನು ಸ್ವಂತ ಅನುಭವದಿಂದ ಕಂಡನು. ಮಕ್ಕಳ ಆಟವಾಗಿದ್ದ ಇದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೊಡ್ಡವರ ವ್ಯಾಪಾರವಾಯಿತು.

ಆ ವ್ಯಾಪಾರದಲ್ಲಿ ಮೊದಲು ಹೆಸರು ಪಡೆದದ್ದು ಮೆಕ್ಸಿಕೋ ದೇಶದ ಕೆಂಪು ಮೊಣಕಾಲಿನ ಜೇಡ. ಮೈ ಕಪ್ಪು, ಕಾಲಿನ ಗಿಣ್ಣುಗಳು ಕಿತ್ತಿಳೆಗೆಂಪು, ಸ್ವಭಾವ ಸೌಮ್ಯ. ಸಾಕುವುದಕ್ಕೆ ಬೇಕಾದ ಸಲಕರಣೆಗಳೂ ಅಲ್ಪವೇ: ಒಂದು ಗಾಜಿನ ಪೆಟ್ಟಿಗೆ, ಒಂದಿಷ್ಟು ಮಣ್ಣು, ಅಡಗುವುದಕ್ಕೆ ಮರದ ತೊಗಟೆ, ನೀರಿನ ಬಟ್ಟಲು, ವಾರಕ್ಕೊಂದೆರಡು ಮಿಡತೆ ಅಥವಾ ಜಿರಲೆ. ಆದರೆ ತಿಳಿಯದವರಿಗೆ ಮೋಸವಾಗುವ ಎಡೆಗಳೂ ಉಂಟು. ಪೊರೆ ಬಿಡುವ ಕಾಲದಲ್ಲಿ ಜೇಡವು ಅಂಗಾತವಾಗಿ ಗಂಟೆಗಟ್ಟಲೆ ಬಿದ್ದಿರುತ್ತದೆ; ಸತ್ತಿತೆಂದು ಮುಟ್ಟಿದರೆ ನಿಜವಾಗಿ ಸಾಯುತ್ತದೆ. ಎರಡು ಮೊಳದ ಎತ್ತರದಿಂದ ಬಿದ್ದರೂ ಅದರ ಹೊಟ್ಟೆ ಒಡೆಯಬಹುದು. ಯಮಭಟನಂತೆ ಕಾಣುವ ಈ ಪ್ರಾಣಿಯು ವಾಸ್ತವವಾಗಿ ಗಾಜಿನ ಸಾಮಾನಿನಂತೆ ನಾಜೂಕಾದದ್ದು.

ಹೆಣ್ಣು ಇಪ್ಪತ್ತು ವರ್ಷ ಬದುಕುವುದೆಂದೆವಷ್ಟೆ. ಕೊಳ್ಳುವವರಿಗೆ ಇದು ಗುಣವಾಗಿ ಕಂಡಿತು. ಕಾಡಿಗೆ ಇದು ಕೇಡಾಯಿತು. ನಿಧಾನವಾಗಿ ಬೆಳೆದು ಹಲವು ವರ್ಷಗಳ ಮೇಲೆ ಪ್ರಾಯಕ್ಕೆ ಬರುವ ಪ್ರಾಣಿಯಲ್ಲಿ, ಬಲಿತ ಹೆಣ್ಣುಗಳನ್ನು ಬಿಲಬಿಲದಿಂದ ಕಿತ್ತು ಸಾಗಿಸಿದರೆ, ಆ ಎಡೆಯು ಮತ್ತೆ ತುಂಬುವುದಕ್ಕೆ ಒಂದು ತಲೆಮಾರು ಹಿಡಿಯುತ್ತದೆ. ಕಾಡುಪ್ರಾಣಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವುದಕ್ಕಾಗಿ ೧೯೭೩ರಲ್ಲಿ ವಾಷಿಂಗ್ಟನ್ ನಗರದಲ್ಲಿ ಆದ ಒಪ್ಪಂದವು ೧೯೭೫ರಲ್ಲಿ ಜಾರಿಗೆ ಬಂದು, ಮರುವರ್ಷ ಭಾರತವೂ ಅದರಲ್ಲಿ ಸೇರಿತು. ಆ ಒಪ್ಪಂದದ ಎರಡನೆಯ ಪಟ್ಟಿಗೆ ೧೯೮೫ರಲ್ಲಿ ಈ ಕೆಂಪು ಮೊಣಕಾಲಿನ ಜೇಡವು ಸೇರಿತು. ಹುಲಿ ಆನೆಗಳ ರಕ್ಷಣೆಗೆಂದು ಹುಟ್ಟಿದ ಶಾಸನದಲ್ಲಿ ಜೇಡಕ್ಕೂ ಒಂದು ಸ್ಥಾನ ದೊರೆಯಿತು. ಆದರೂ ಕಳ್ಳಸಾಗಣೆ ನಿಂತಿತೆಂದಲ್ಲ. ೨೦೧೦ರಲ್ಲಿ ಅಮೆರಿಕದ ಅಧಿಕಾರಿಗಳು ಅಂಚೆಯಲ್ಲಿ ಬಂದ ಕಟ್ಟುಗಳನ್ನು ಬಿಚ್ಚಿದಾಗ, ಪಾನಕ ಹೀರುವ ಬಣ್ಣದ ಕೊಳವೆಗಳೊಳಗೆ ತುರುಕಿದ್ದ ನೂರಾರು ಜೀವಂತ ಜೇಡಗಳು ಸಿಕ್ಕಿದುವು.

೬

ಈಗ ನಮ್ಮ ಸೀಮೆಯ ಮಾತಿಗೆ ಬರೋಣ. ಗುತ್ತಿಯ ದುರ್ಗವನ್ನು ಚರಿತ್ರೆ ಓದಿದವರೆಲ್ಲರೂ ಬಲ್ಲರು. ವಿಜಯನಗರದ ಅರಸರಿಗೂ, ಘೋರ್ಪಡೆ ಮನೆತನದ ಮುರಾರಿರಾಯನಿಗೂ ಅದು ಆಶ್ರಯವಾಗಿತ್ತು. ೧೭೭೬ರಲ್ಲಿ ಹೈದರಲ್ಲಿಯು ಅದನ್ನು ಗೆದ್ದನು. ೧೮೦೦ರಲ್ಲಿ ಕಂಪೆನಿಯವರಿಗೆ ಸಂದ ಮೇಲೆ ಅದು ಬಳ್ಳಾರಿ ಜಿಲ್ಲೆಯಲ್ಲಿ ಸೇರಿದ್ದು, ೧೮೮೨ರಲ್ಲಿ ಅನಂತಪುರ ಜಿಲ್ಲೆಯು ಪ್ರತ್ಯೇಕವಾದಾಗ ಅತ್ತ ಹೋಯಿತು. ಈ ಗುತ್ತಿಯ ರೈಲ್ವೆ ಮರದ ದಿಮ್ಮಿಗಳ ಅಂಗಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಒಂದೇ ಒಂದು ಜೇಡ ಸಿಕ್ಕಿತು. ಲಂಡನ್ನಿನ ಪೋಕಾಕ್ ಎಂಬ ಶಾಸ್ತ್ರಜ್ಞನು ಅದನ್ನು ೧೮೯೯ರಲ್ಲಿ ವರ್ಣಿಸಿ, ಪೀಸಿಲೋಥೀರಿಯ ಮೆಟಾಲಿಕ ಎಂದು ಹೆಸರಿಟ್ಟನು. ಮೈಯೆಲ್ಲ ಇಂದ್ರನೀಲದ ಬಣ್ಣ, ಕಾಲುಗಳಲ್ಲಿ ಹಳದಿಯ ಮಚ್ಚೆ, ಬೆನ್ನಿನ ಮೇಲೆ ಬಿಳಿಯ ಚಿತ್ತಾರ. ಈ ನೀಲವು ಬಣ್ಣದ ದ್ರವ್ಯದಿಂದ ಬಂದುದಲ್ಲ. ನವಿಲುಗರಿಯಲ್ಲಿರುವಂತೆ ರೋಮಗಳ ಅತಿಸೂಕ್ಷ್ಮವಾದ ರಚನೆಯಲ್ಲಿ ಬೆಳಕು ಒಡೆದು ಉಂಟಾಗತಕ್ಕದ್ದು.

ಅನಂತರ ನೂರು ವರ್ಷ ಆ ಜೇಡವನ್ನು ಕಂಡವರೇ ಇಲ್ಲ. ೨೦೦೧ರಲ್ಲಿ ಗುತ್ತಿಯಿಂದ ಬಹುದೂರ ಪೂರ್ವದಲ್ಲಿ, ನಂದ್ಯಾಲಕ್ಕೂ ಗಿದ್ದಲೂರಿಗೂ ನಡುವಣ ಕಾಡಿನಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಆಗ ಒಂದು ಸಂಗತಿ ತಿಳಿಯಿತು. ಗುತ್ತಿಯಲ್ಲಿ ಸಿಕ್ಕಿದ ಜೇಡವು ಗುತ್ತಿಯದಾಗಿರಲಿಲ್ಲ. ಪೂರ್ವಘಟ್ಟದ ಕಾಡಿನಲ್ಲಿ ಕಡಿದ ಮರದ ಪೊಟರೆಯೊಳಗೆ ಕುಳಿತು, ದಿಮ್ಮಿಯ ಜೊತೆಗೆ ರೈಲಿನಲ್ಲಿ ಬಂದದ್ದಾಗಿರಬೇಕೆಂದು ಶಾಸ್ತ್ರಜ್ಞರು ಊಹಿಸುತ್ತಾರೆ. ಈ ಕುಲದ ಜೇಡಗಳು ನೆಲದಲ್ಲಿ ಬಿಲ ತೋಡುವುದಿಲ್ಲ. ಹಳೆಯ ದೊಡ್ಡ ಮರಗಳ ಪೊಟರೆಗಳಲ್ಲಿಯೇ ವಾಸಿಸುತ್ತವೆ. ಅಂದ ಮೇಲೆ, ಆ ಪ್ರಾಣಿಯನ್ನು ಲೋಕಕ್ಕೆ ತೋರಿಸಿಕೊಟ್ಟದ್ದೂ ಮರ ಕಡಿಯುವ ಕೊಡಲಿ. ಅದರ ಮನೆಯನ್ನು ಕೆಡಿಸುತ್ತಿರುವುದೂ ಅದೇ ಕೊಡಲಿ. ನೂರು ಚದರ ಕಿಲೋಮೀಟರಿಗೂ ಕಡಿಮೆಯಾದ ಹರಹಿನಲ್ಲಿ, ಸೌದೆಗೂ ಮರಮುಟ್ಟಿಗೂ ಬಲಿಯಾಗುತ್ತಿರುವ ಕಾಡಿನಲ್ಲಿ ಅದು ಉಳಿದಿದೆಯೆಂದು ಕಂಡು, ೨೦೦೮ರಲ್ಲಿ ಅದನ್ನು ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಸೇರಿಸಿದರು. ೨೦೧೯ರಲ್ಲಿ ಜಿನೀವಾ ನಗರದಲ್ಲಿ ಕೂಡಿದ ಸಭೆಯಲ್ಲಿ ಈ ಕುಲವೆಲ್ಲವೂ ಮೇಲೆ ಹೇಳಿದ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿತು. ಮೈಸೂರಿನ ಹೆಸರನ್ನೇ ಹೊತ್ತು ಹೊರದೇಶದ ಸಾಕಣೆಗಾರರಲ್ಲಿ ಪ್ರಸಿದ್ಧವಾಗಿರುವ ಇದೇ ಕುಲದ ಮತ್ತೊಂದು ಜೇಡವೂ ಈ ಪಟ್ಟಿಯೊಳಗಿದೆ.

ಆದರೆ ಯೂರೋಪು ಅಮೆರಿಕಗಳಲ್ಲಿ ಗುತ್ತಿಯ ನೀಲಿ ಜೇಡವು ವಿರಳವಲ್ಲ. ೨೦೦೧ರ ತರುವಾಯ ಹೇಗೋ ಅಲ್ಲಿಗೆ ಮುಟ್ಟಿದ ಕೆಲವು ಜೇಡಗಳಿಂದ ಸಂತಾನ ಬೆಳೆದು, ಇಂದು ಉದ್ದಿನಕಾಳಿನಷ್ಟು ಮರಿಗಳನ್ನು ಪುಟ್ಟ ಡಬ್ಬಿಗಳಲ್ಲಿಟ್ಟು ಮಾರುತ್ತಾರೆ. ಹೊರದೇಶದಲ್ಲಿ ನೆಲೆಸಿರುವ ನನ್ನ ಪೂರ್ವಶಿಷ್ಯನೊಬ್ಬನು ಅಂತಹುದೊಂದನ್ನು ಸಾಕುತ್ತಿರುವುದಾಗಿ ಪತ್ರ ಬರೆದು, “ಗುರುಗಳೇ, ನಮ್ಮ ಸೀಮೆಯ ಹೆಸರಿನ ಜೀವ ಇಲ್ಲಿ ನನ್ನ ಮೇಜಿನ ಮೇಲಿದೆ. ಇದಕ್ಕೆ ಸಂತೋಷಪಡಲೋ, ಸಂಕಟಪಡಲೋ ತಿಳಿಯದು, ತಾವು ಏನನ್ನುವಿರಿ?” ಎಂದು ಕೇಳಿದ್ದಾನೆ. ಪ್ರಶ್ನೆಯು ಅವನೊಬ್ಬನದಲ್ಲವಾದುದರಿಂದ ಉತ್ತರವನ್ನು ಇಲ್ಲಿಯೇ ಹೇಳುತ್ತೇನೆ.

೭

ಸಾಕುವವರ ಪಕ್ಷದಲ್ಲಿ ನ್ಯಾಯವಿಲ್ಲದೆ ಇಲ್ಲ. ಪೆಟ್ಟಿಗೆಯಲ್ಲಿ ಹುಟ್ಟಿದ ಮರಿ ಅಗ್ಗವಾಗಿ ಸಿಕ್ಕುವಾಗ ಕಾಡಿನಿಂದ ಕದಿಯುವ ಆಸೆ ಕುಗ್ಗುವುದೆಂಬುದು ಅವರ ಮೊದಲನೆಯ ವಾದ, ಅದು ಒಪ್ಪತಕ್ಕದ್ದು. ಪೊರೆ ಬಿಡುವುದು, ಕೂಡುವುದು, ಮೊಟ್ಟೆ ಕಾಯುವುದು ಮೊದಲಾದ ಎಷ್ಟೋ ವಿಷಯಗಳು ಸಾಕಿದವರಿಂದಲೇ ತಿಳಿದುವೆಂಬುದು ಎರಡನೆಯದು, ಅದೂ ನಿಜ. ಜೇಡವನ್ನು ಕಂಡೊಡನೆ ಕಾಲಿನಿಂದ ಹೊಸಕುವ ಜನರಲ್ಲಿ, ಅದಕ್ಕೂ ಒಂದು ಬಾಳುಂಟೆಂಬ ತಿಳಿವಳಿಕೆಯನ್ನು ಈ ಸಾಕಣೆಯು ಹುಟ್ಟಿಸಿದೆಯೆಂಬುದನ್ನೂ ನಾನು ಸೇರಿಸುತ್ತೇನೆ.

ಆದರೆ ಇನ್ನೊಂದು ಪಕ್ಷವನ್ನೂ ಕೇಳಬೇಕು. ಪೆಟ್ಟಿಗೆಯಲ್ಲಿ ಸಾವಿರ ಜೇಡಗಳಿದ್ದರೂ ಕಾಡಿನ ಒಂದು ಪೊಟರೆ ತುಂಬುವುದಿಲ್ಲ. ಕೆಲವೇ ಜೋಡಿಗಳಿಂದ, ಎಲ್ಲಿಯವೆಂಬ ಲೆಕ್ಕವಿಲ್ಲದೆ ಬೆಳೆದ ಸಂತಾನವನ್ನು ಹಿಂದಕ್ಕೆ ತಂದು ಕಾಡಿನಲ್ಲಿ ಬಿಡುವುದು ಸ್ವತಃ ಅಪಾಯವಾಗಬಹುದು. ಮರವನ್ನು ಉಳಿಸದೆ ಜೇಡವನ್ನು ಉಳಿಸಿದೆವೆನ್ನುವುದು, ಪುಸ್ತಕವನ್ನು ಸುಟ್ಟು ಅದರ ರಟ್ಟನ್ನು ಕಾಪಾಡಿದಂತಾಗುತ್ತದೆ. ಈ ಕುಲದ ಜೇಡಗಳು ಮೆಕ್ಸಿಕೋದವುಗಳಂತೆ ಸೌಮ್ಯವೂ ಅಲ್ಲ. ಇವಕ್ಕೆ ತುರಿಕೆಯ ರೋಮವಿಲ್ಲ. ಬದಲಾಗಿ ಮಿಂಚಿನ ವೇಗವೂ ತೀಕ್ಷ್ಣವಾದ ವಿಷವೂ ಉಂಟು. ಕಡಿತದಿಂದ ಮನುಷ್ಯರು ಸತ್ತ ದಾಖಲೆಯಿಲ್ಲವಾದರೂ, ಕಠಿನವಾದ ನೋವು ಮತ್ತು ದಿನಗಟ್ಟಲೆ ಮರುಕಳಿಸುವ ಮಾಂಸಖಂಡಗಳ ಸೆಡೆತ ಅನೇಕರಿಗೆ ಬಂದಿವೆ. ಮಕ್ಕಳಿರುವ ಮನೆಗೆ ಇದು ತಕ್ಕ ಅತಿಥಿಯಲ್ಲ. ನಮ್ಮ ದೇಶದಲ್ಲಿಯಂತೂ ೨೦೨೨ರ ವನ್ಯಜೀವಿ ಶಾಸನದ ತಿದ್ದುಪಡಿಯು ಮೇಲಿನ ಒಪ್ಪಂದವನ್ನು ಜಾರಿಗೆ ತರುವುದಕ್ಕಾಗಿಯೇ ಒಂದು ಅಧ್ಯಾಯವನ್ನು ಸೇರಿಸಿದೆ. ಆದಕಾರಣ ಕುತೂಹಲದಿಂದ ಒಂದು ಡಬ್ಬಿಯನ್ನು ತರಿಸಿಕೊಳ್ಳುವ ತರುಣರು ಶಾಸನವನ್ನು ಮೊದಲು ಓದಿಕೊಳ್ಳುವುದು ಕ್ಷೇಮ.

ಇವೆಲ್ಲಕ್ಕೂ ಮೀರಿದ ಇನ್ನೊಂದು ದಾರಿಯುಂಟೆಂಬುದನ್ನು ತೋರಿಸಿಕೊಟ್ಟವರು ಪಶ್ಚಿಮ ಆಸ್ಟ್ರೇಲಿಯದ ಬಾರ್ಬರ ಯಾರ್ಕ್ ಮೇಯಿನ್ ಎಂಬ ವಿದುಷಿ. ಈಕೆ ೧೯೭೪ರಲ್ಲಿ ಒಂದು ಸಣ್ಣ ಕಾಡಿನಲ್ಲಿ ಬಾಗಿಲಿರುವ ಬಿಲಗಳಲ್ಲಿ ವಾಸಿಸುವ ಜೇಡಗಳ ಪಕ್ಕದಲ್ಲಿ ಅಂಕಿಗಳನ್ನು ಗುರುತು ಮಾಡಿ, ವರ್ಷ ವರ್ಷವೂ ಹೋಗಿ ನೋಡಿಕೊಂಡು ಬರಲಾರಂಭಿಸಿದರು. ಹದಿನಾರನೆಯ ಅಂಕಿಯ ಹೆಣ್ಣುಜೇಡವು ಒಂದೇ ಬಿಲದಲ್ಲಿ ನಲವತ್ತಮೂರು ವರ್ಷ ಬದುಕಿ, ೨೦೧೬ರಲ್ಲಿ ಒಂದು ಕಣಜದ ಹುಳುವಿಗೆ ಬಲಿಯಾಯಿತು. ಲೋಕದಲ್ಲಿ ದಾಖಲೆಯಾದ ಜೇಡಗಳಲ್ಲಿ ಅದರಷ್ಟು ಬಾಳಿದ್ದು ಬೇರೊಂದಿಲ್ಲ. ಅದನ್ನು ಯಾರೂ ಪೆಟ್ಟಿಗೆಯಲ್ಲಿಡಲಿಲ್ಲ, ಯಾರೂ ಕೊಳ್ಳಲಿಲ್ಲ. ಒಬ್ಬ ಹೆಂಗಸು ತನ್ನ ನಡುವಯಸ್ಸಿನಿಂದ ಮುಪ್ಪಿನವರೆಗೆ ಅದರ ಬಾಗಿಲಿಗೆ ಹೋಗಿ ಕ್ಷೇಮವಿಚಾರ ಮಾಡಿಕೊಂಡು ಬಂದಳು, ಅಷ್ಟೆ.

ಶಿಷ್ಯನಿಗೆ ನನ್ನ ಉತ್ತರವಿದು. ಪೆಟ್ಟಿಗೆಯಲ್ಲಿ ಹುಟ್ಟಿದ ಜೀವವನ್ನು ತಂದಾಗಿದೆ. ಅದರ ಆಯುಸ್ಸು ಇರುವವರೆಗೆ, ಅಂದರೆ ಹತ್ತು ಹನ್ನೆರಡು ವರ್ಷ, ಧರ್ಮದಿಂದ ನೋಡಿಕೋ. ಬೇಸರವಾಯಿತೆಂದು ಪರರಿಗೆ ದಾಟಿಸಬೇಡ. ಕಾಡಿನಿಂದ ಹಿಡಿದದ್ದೆಂದು ಸಂಶಯವಿದ್ದರೆ ಎಷ್ಟು ಸುಂದರವಾದದ್ದನ್ನೂ ಕೊಳ್ಳಬೇಡ. ಮುಂದೆ ಊರಿಗೆ ಬಂದಾಗ ನಂದ್ಯಾಲದಿಂದ ಗಿದ್ದಲೂರಿಗೆ ಹೋಗುವ ರೈಲನ್ನು ಹತ್ತು. ಕಾಡು ಬಂದಾಗ ಹಗಲುಹೊತ್ತಿನಲ್ಲಿ ಆ ಜೇಡ ನಿನ್ನ ಕಣ್ಣಿಗೆ ಬೀಳಲಾರದು. ಅದು ಪೊಟರೆಯೊಳಗೆ ಮಲಗಿರುತ್ತದೆ. ಆದರೆ ಅದನ್ನು ಹೊತ್ತು ನಿಂತಿರುವ ಹಳೆಯ ಮರಗಳು ಇನ್ನೂ ಎಷ್ಟು ಉಳಿದಿವೆಯೆಂಬುದನ್ನು ಕಿಟಕಿಯಿಂದ ನೋಡಿ ನನಗೆ ಬರೆ.